ಫಸ್ಟ್ ಇಯರ್ ಮುಗಿಯಿತು, ರಜೆಗೆ ಏನು ಮಾಡ್ತೀಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಸೆಮಿಸ್ಟರ್‌ನ ಕೊನೆಯ ಪೇಪರ್ ಬರೆದು ಹೊರಗೆ ಬಂದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಕ್ಲಾಸಿನ ಗೆಳತಿ ಕೇಳಿದಳು. ಶ್ರೀನಿವಾಸಪುರದಲ್ಲಿ ಇಳಿದರೆ ಅತ್ತೆ ಕೇಳಿದರು. ಊರಿಗೆ ಬಂದರೆ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರೆಲ್ಲ ಕೇಳಿದರು. ಈಗ ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಹುಡುಗ ಹುಡುಗಿಯರೂ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ. ಕೆಲವು ನನ್ನ ರಜೆಯ ವಿಷಯ, ಕೆಲವು ನಿಮಗೂ ಉಪಯೋಗಕ್ಕೆ ಬರುವಂಥದ್ದು.

ಸರಿ, ರಜೆಗೆ ಏನು ಪ್ಲಾನ್? ಒಂದೇ ಮಾತಲ್ಲಿ ಹೇಳು.

ನಮ್ಮ ಮಾವಿನ ತೋಪಿನ ಲೆಕ್ಕ ಬರೆಯುತ್ತೇನೆ. ಮೊದಲ ಬದಾಮಿ ಕಾಯಿ ಕೀಳುವ ದಿನದಿಂದ ಕೊನೆಯ ತೋತಾಪುರಿ ಲೋಡ್ ಹೋಗುವ ದಿನದವರೆಗೆ.

ಅಷ್ಟಕ್ಕೆ ಇಡೀ ರಜೆ ಬೇಕಾ?

ಬೇಕು. ನಮ್ಮದು ಎರಡು ಎಕರೆ ತೋಪು. ಎಕರೆಗೆ 40 ಮರದ ಲೆಕ್ಕದಲ್ಲಿ 80 ಮರ. ಬದಾಮಿ ಸ್ವಲ್ಪ, ರಸಪುರಿ ಸ್ವಲ್ಪ, ಮಲ್ಲಿಕಾ ನಾಲ್ಕು ಮರ. ಉಳಿದದ್ದೆಲ್ಲ ತೋತಾಪುರಿ. ಒಂದೊಂದು ಜಾತಿ ಒಂದೊಂದು ಸಮಯಕ್ಕೆ ಬಲಿಯುತ್ತದೆ. ಒಂದೇ ದಿನ ಕಿತ್ತು ಮುಗಿಸೋಕೆ ಆಗಲ್ಲ. ಮೇ ತಿಂಗಳಲ್ಲಿ ಶುರುವಾದರೆ ಜುಲೈವರೆಗೂ ಎಳೆಯುತ್ತದೆ. ಪ್ರತಿ ಕೊಯ್ಲಿಗೂ ಬೇರೆ ಕೂಲಿ, ಬೇರೆ ಗಾಡಿ, ಬೇರೆ ರೇಟು. ಮಧ್ಯದಲ್ಲಿ ಒಂದು ವಾರ ಬರೆಯದೆ ಬಿಟ್ಟರೆ ಮುಗಿಯಿತು, ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಾಲೇಜಿನ ಕ್ಯಾಲೆಂಡರ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಅಂತ ಗೊತ್ತು. ಕೆಲವರಿಗೆ ಬೇಸಿಗೆಯಲ್ಲಿ ಇನ್ನೂ ಪರೀಕ್ಷೆ ಇರುತ್ತದೆ. ನನಗೆ ಈ ಸಲ ರಜೆಯೂ ಮಾವಿನ ಸುಗ್ಗಿಯೂ ಒಟ್ಟಿಗೆ ಬಂದಿವೆ. ಥರ್ಡ್ ಸೆಮ್ ಶುರುವಾದ ಮೇಲೆ ಉಳಿದ ಲೋಡುಗಳ ಲೆಕ್ಕವನ್ನು ತಮ್ಮ ಬರೆಯುತ್ತಾನೆ. ಅವನಿಗೆ ಈಗಲೇ ಹೇಳಿಕೊಟ್ಟಿದ್ದೇನೆ.

ಇದು ಹೇಗೆ ತಲೆಗೆ ಬಂತು?

ಹೋದ ವರ್ಷ ನಡೆದದ್ದನ್ನು ಹೇಳಬೇಕು. ನಮ್ಮ ಕಡೆಯ ತೋತಾಪುರಿ ಜಾಸ್ತಿ ಹೋಗುವುದು ಆಂಧ್ರದ ಚಿತ್ತೂರು ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಒಳಗೆ ಬರದಂತೆ ತಡೆಯಿತು. ಅಲ್ಲಿಯ ರೈತರಿಗೂ ಬೆಲೆ ಇರಲಿಲ್ಲ, ಅವರ ಕಷ್ಟ ಅವರದು. ಆದರೆ ಗಡಿಯ ಈಚೆ ಕಾಯಿ ರಾಶಿ ಬಿತ್ತು. ಕಿತ್ತ ಕೂಲಿಯೂ ಹುಟ್ಟದ ರೇಟಿಗೆ ಇಳಿಯಿತು. ಕೆಲವರು ರಸ್ತೆ ಬದಿಗೆ ಸುರಿದರು. ನಮ್ಮೂರಿನಲ್ಲಿ ಕೀಳದೆ ಮರದಲ್ಲೇ ಬಿಟ್ಟವರೂ ಇದ್ದಾರೆ.

ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿತು. ಎರಡೂವರೆ ಲಕ್ಷ ಟನ್‌ವರೆಗೆ, ಬೆಲೆ ವ್ಯತ್ಯಾಸದ ಹಣವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಕೊಡುವ ಯೋಜನೆ ಅದು. ನಮಗೆ ಅದರಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಕಾಯಿ ಮುಕ್ಕಾಲು ಪಾಲು ಹೋಗಿತ್ತು. ಹೋದದ್ದಕ್ಕೆ ದಾಖಲೆಯೂ ಇರಲಿಲ್ಲ. ಇದ್ದದ್ದು ಬಿಳಿ ಚೀಟಿ. ಅದರ ಮೇಲೆ ಅಪ್ಪನ ಹೆಸರಿಲ್ಲ, ದಿನಾಂಕವಿಲ್ಲ. ಪೆನ್ಸಿಲ್‌ನಲ್ಲಿ ಬರೆದ ನಾಲ್ಕು ಅಂಕಿ ಅಷ್ಟೆ.

ಅವತ್ತು ರಾತ್ರಿ ಅಪ್ಪನನ್ನು ಕೇಳಿದೆ, "ಎಷ್ಟು ಲಾಸ್ ಆಯ್ತು?" ಅಪ್ಪ ಸುಮಾರು ಹೊತ್ತು ಯೋಚನೆ ಮಾಡಿದರು. "ಜಾಸ್ತೀನೇ ಆಯ್ತಮ್ಮ" ಅಂದರು. ಎಷ್ಟು ಅಂತ ಅವರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ತೋಪು ಮಾಡುತ್ತಿದ್ದಾರೆ. ಒಂದು ವರ್ಷವಾದರೂ ಎಷ್ಟು ಹಾಕಿದೆವು, ಎಷ್ಟು ಬಂತು ಅಂತ ಮನೆಯಲ್ಲಿ ಯಾರೂ ಕೂಡಿ ಕಳೆದಿಲ್ಲ. ಅದೇ ತಿಂಗಳು ನಾನು ಬಿ.ಕಾಂ.ಗೆ ಅಡ್ಮಿಷನ್ ಮಾಡಿಸಿದೆ. ಕ್ಲಾಸಿನಲ್ಲಿ ಜರ್ನಲ್, ಲೆಡ್ಜರ್ ಹೇಳಿಕೊಟ್ಟಾಗಲೆಲ್ಲ ಆ ಬಿಳಿ ಚೀಟಿಯೇ ಕಣ್ಣಿಗೆ ಬರುತ್ತಿತ್ತು. ಪುಸ್ತಕದಲ್ಲಿರುವ ಕಂಪನಿಗಳ ಲಾಭ ನಷ್ಟ ತೆಗೆಯಲು ಬರುತ್ತದೆ, ನಮ್ಮ ಮನೆಯದ್ದು ತೆಗೆಯಲು ಬರಲ್ಲ ಅಂದರೆ ಓದಿ ಏನು ಬಂತು ಅನ್ನಿಸಿತು.

ಪುಸ್ತಕದಲ್ಲಿ ಏನೇನು ಬರೀತೀಯಾ?

ಖರ್ಚು ಕೀಳುವ ದಿನ ಶುರುವಾಗುವುದಲ್ಲ. ಹೂವು ಬರುವ ಮೊದಲೇ ಶುರುವಾಗಿರುತ್ತದೆ. ಉಳುಮೆ, ಗೊಬ್ಬರ, ಜನವರಿ ಫೆಬ್ರವರಿಯಲ್ಲಿ ಜಿಗಿಹುಳುವಿಗೂ ಬೂದಿರೋಗಕ್ಕೂ ಹೊಡೆದ ಔಷಧಿ, ಹಣ್ಣುನೊಣಕ್ಕೆ ಕಟ್ಟಿದ ಮೋಹಕ ಬಲೆ. ಔಷಧಿ ಅಂಗಡಿಯ ಬಿಲ್ಲುಗಳನ್ನು ಅಮ್ಮ ಅಕ್ಕಿ ಡಬ್ಬದ ಹಿಂದೆ ಸಿಕ್ಕಿಸಿಟ್ಟಿದ್ದರು. ಅವನ್ನೆಲ್ಲ ತೆಗೆದು ತಾರೀಖಿನ ಪ್ರಕಾರ ಬರೆದಾಯಿತು. ಮೊದಲ ವಾರದ ಕೆಲಸ ಅದೇ ಆಗಿತ್ತು.

ಇನ್ನು ಕೊಯ್ಲಿನ ದಿನಕ್ಕೆ ಒಂದೊಂದು ಹಾಳೆ. ಯಾವ ಜಾತಿ, ಎಷ್ಟು ಮರ ಕಿತ್ತೆವು, ಎಷ್ಟು ಕ್ರೇಟ್ ಆಯಿತು, ತೋಪಿನಲ್ಲೇ ತೂಗಿದರೆ ಎಷ್ಟು, ಮಂಡಿಯಲ್ಲಿ ತೂಗಿದರೆ ಎಷ್ಟು. ಇವೆರಡರ ನಡುವಿನ ವ್ಯತ್ಯಾಸ ನನಗೆ ಮುಖ್ಯ. ಅದರ ಕೆಳಗೆ ಕೀಳುವವರ ಕೂಲಿ, ಗಾಡಿ ಬಾಡಿಗೆ, ಹಮಾಲಿ, ಕಮಿಷನ್, ತೂಕದ ಕಡಿತ. ಕೊನೆಗೆ ಕೈಗೆ ಬಂದ ದುಡ್ಡು. ಅವತ್ತೇ ಕೊಟ್ಟರಾ, ವಾರ ಬಿಟ್ಟು ಕೊಟ್ಟರಾ ಅನ್ನುವುದೂ ಬೇಕು.

ಇನ್ನೊಂದು ಕಾಲಂ ಇದೆ, ಅದರ ಬಗ್ಗೆ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. "ಮನೆಯವರ ಕೂಲಿ" ಅಂತ. ಅಪ್ಪ ಬೆಳಗಿನಿಂದ ಕತ್ತಲಾಗುವವರೆಗೆ ತೋಪಿನಲ್ಲಿರುತ್ತಾರೆ. ಅಮ್ಮ ಕೀಳುವವರು ಬರುವ ಮೊದಲೇ ಎದ್ದು ಅಷ್ಟು ಜನಕ್ಕೆ ಮುದ್ದೆ ಸಾರು ಮಾಡಿಡುತ್ತಾರೆ. ಆಮೇಲೆ ಬಂದು ಕಾಯಿ ವಿಂಗಡಿಸಲು ಕೂರುತ್ತಾರೆ. ಇದನ್ನೆಲ್ಲ ಬರೆಯುತ್ತೇನೆ ಅಂದಾಗ ಅಪ್ಪ "ನಮ್ಮ ಮನೆ ಕೆಲಸಕ್ಕೆ ನಾವೇ ಕೂಲಿ ಹಾಕ್ಕೊಳ್ಳೋದಾ?" ಅಂದರು. ಹಾಕಿಕೊಳ್ಳಲೇಬೇಕು. ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೇಂದ್ರದ ಆಯೋಗವೂ ಬೆಳೆಯ ಖರ್ಚು ಲೆಕ್ಕ ಹಾಕುವಾಗ ಮನೆಯವರ ದುಡಿಮೆಗೆ ಬೆಲೆ ಕಟ್ಟುತ್ತದೆ. ಆ ಲೆಕ್ಕಕ್ಕೆ ಎ2+ಎಫ್‌ಎಲ್ ಅನ್ನುತ್ತಾರೆ. ಎ2 ಅಂದರೆ ಕೈಯಿಂದ ಹಾಕಿದ ಖರ್ಚು, ಎಫ್‌ಎಲ್ ಅಂದರೆ ಮನೆಯವರ ದುಡಿಮೆ. ಅಮ್ಮ ಏನೂ ಹೇಳಲಿಲ್ಲ. ಮಾರನೆಯ ದಿನ ಎಷ್ಟು ಹೊತ್ತಿಗೆ ಎದ್ದರು ಅಂತ ಅವರೇ ಬಂದು ಬರೆಸಿದರು.

ಒಂದು ವರ್ಷದ ಲೆಕ್ಕದಿಂದ ಏನು ಗೊತ್ತಾಗುತ್ತೆ?

ಪೂರ್ತಿ ಗೊತ್ತಾಗುವುದಿಲ್ಲ. ಬದಾಮಿ ಒಂದು ವರ್ಷ ಚೆನ್ನಾಗಿ ಹಿಡಿದರೆ ಮರು ವರ್ಷ ಕಡಿಮೆ ಹಿಡಿಯುತ್ತದೆ. ತೋತಾಪುರಿ ಹಾಗಲ್ಲ, ಹೆಚ್ಚು ಕಡಿಮೆ ವರ್ಷಾವರ್ಷ ಬರುತ್ತದೆ. ಅದಕ್ಕೇ ನಮ್ಮ ಕಡೆ ಎಲ್ಲರೂ ಅದನ್ನೇ ಹಾಕಿದ್ದು, ಎಲ್ಲರ ಕಾಯಿಯೂ ಒಂದೇ ಸಲ ಒಂದೇ ದಾರಿ ಹಿಡಿಯುವುದೂ ಅದಕ್ಕೇ. ಎರಡು ಮೂರು ವರ್ಷದ ಲೆಕ್ಕ ಇದ್ದರೆ ಯಾವ ಜಾತಿ ನಮ್ಮನ್ನು ಸಾಕುತ್ತಿದೆ, ಯಾವುದನ್ನು ನಾವು ಸಾಕುತ್ತಿದ್ದೇವೆ ಅಂತ ತಿಳಿಯುತ್ತದೆ. ಆ ನಾಲ್ಕು ಮಲ್ಲಿಕಾ ಮರದ ಮೇಲೆ ನನಗೆ ಆಸೆ ಇದೆ. ನೀಲಂಗೂ ದಶೇರಿಗೂ ಕ್ರಾಸ್ ಮಾಡಿ ತೆಗೆದ ತಳಿ ಅದು. ಹಣ್ಣು ದಪ್ಪ, ಸಿಹಿ, ಕೊನೆಯಲ್ಲಿ ಬರುತ್ತದೆ. ತೋತಾಪುರಿಯ ಕೆಲವು ಹಳೆ ಮರಗಳಿಗೆ ಮಲ್ಲಿಕಾ ಕಸಿ ಕಟ್ಟಿಸಬಹುದಾ ಅಂತ ಕೇಳಲು ಒಂದು ದಿನ ಹೊಗಳಗೆರೆ ತೋಟಗಾರಿಕೆ ಕ್ಷೇತ್ರಕ್ಕೆ ಹೋಗಬೇಕು. ನಮ್ಮ ತಾಲ್ಲೂಕಿನಲ್ಲೇ ಇದೆ, ಇಷ್ಟು ವರ್ಷ ನಾನು ಒಂದು ಸಲವೂ ಒಳಗೆ ಹೋಗಿಲ್ಲ.

ಹುಡುಗಿ ಮಂಡಿಗೆ ಹೋಗೋದಾ?

ಹೋಗುತ್ತೇನೆ. ಅಪ್ಪನ ಜೊತೆ ಲೋಡ್ ಗಾಡಿಯಲ್ಲೇ. ಮಂಡಿಯಲ್ಲಿ ಹೆಂಗಸರು ಇಲ್ಲ ಅಂದವರು ಮಂಡಿ ನೋಡಿಲ್ಲ. ಬೆಳಗಿನಿಂದ ಸಂಜೆವರೆಗೆ ಕೂತು ಕಾಯಿ ವಿಂಗಡಿಸುವವರು, ಕ್ರೇಟ್‌ಗೆ ತುಂಬುವವರು ಬಹಳ ಮಟ್ಟಿಗೆ ಹೆಂಗಸರೇ. ಗಲ್ಲಾಪೆಟ್ಟಿಗೆ ಮುಂದೆ ಪುಸ್ತಕ ಹಿಡಿದು ನಿಲ್ಲುವ ಹುಡುಗಿ ಮಾತ್ರ ಹೊಸಬಳು. ಮೊದಲ ದಿನ ಎಲ್ಲರೂ ನೋಡಿದರು. ಎರಡನೇ ದಿನ ಕೆಲವರು ನೋಡಿದರು. ಮೂರನೇ ಲೋಡಿಗೆ ಮಂಡಿಯವರೇ ಕರೆದು ಪಟ್ಟಿಯಲ್ಲಿ ಅಪ್ಪನ ಹೆಸರು, ತೂಕ, ರೇಟು ಬರೆದು ಸಹಿ ಹಾಕಿ ಕೊಟ್ಟರು. ನಾನು ಜಗಳ ಮಾಡಲಿಲ್ಲ. ಪೆನ್ನು ತೆಗೆದು "ಅಣ್ಣಾ, ಇದರಲ್ಲಿ ಬರೆದುಕೊಡಿ" ಅಂದೆ ಅಷ್ಟೆ.

ಎಲ್ಲರೂ ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋಗ್ತಿದ್ದಾರೆ. ನೀನ್ಯಾಕೆ ಹೋಗಲ್ಲ?

ಹೋಗುವವರು ತಪ್ಪು ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕಡೆ ಸಿಕ್ಕಿದರೆ ಖಂಡಿತ ಹೋಗಿ. ಆದರೆ ಫಸ್ಟ್ ಇಯರ್ ಮುಗಿಸಿದ ಬಿ.ಕಾಂ. ವಿದ್ಯಾರ್ಥಿಗೆ ನಿಜವಾದ ಕೆಲಸ ಕೊಡುವವರು ಕಡಿಮೆ. ನನ್ನ ಜೊತೆಯವರಿಗೆ ಬಂದ ಆಫರ್‌ಗಳಲ್ಲಿ ಕೆಲವು "ನೀವೇ ದುಡ್ಡು ಕಟ್ಟಿ, ಸರ್ಟಿಫಿಕೇಟ್ ಕೊಡ್ತೀವಿ" ಅನ್ನುವಂಥವು. ಅದು ಇಂಟರ್ನ್‌ಶಿಪ್ ಅಲ್ಲ, ಸರ್ಟಿಫಿಕೇಟ್ ಕೊಂಡುಕೊಳ್ಳುವುದು.

ಇನ್ನೊಂದು ಲೆಕ್ಕ ಹಾಕಿ. ಅವರು ಕೊಡುವ ಸ್ಟೈಪೆಂಡ್ ಎಷ್ಟು, ಪಿ.ಜಿ. ಬಾಡಿಗೆ, ಊಟ, ಓಡಾಟ ಎಷ್ಟು ಅಂತ ಎರಡು ಸಾಲು ಬರೆಯಿರಿ. ಕೋಲಾರ ಅಥವಾ ಬಂಗಾರಪೇಟೆಯಿಂದ ದಿನಾ ಹೋಗಿ ಬರುವವರು ಮನೆಯಿಂದ ಹೊರಟು ಮನೆಗೆ ಬರುವವರೆಗಿನ ಗಂಟೆಗಳನ್ನೂ ಬರೆಯಿರಿ. ಕೆಜಿಎಫ್ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರ ಮಕ್ಕಳು ಅವರು.

ನನಗೆ ಬೆಂಗಳೂರು ಬೇಡ ಅಂತಲ್ಲ. ಫೈನಲ್ ಇಯರ್‌ಗೆ ಬಂದಾಗ ಒಬ್ಬ ಆಡಿಟರ್ ಹತ್ತಿರ ಕೆಲಸ ಕಲಿಯುವ ಆಸೆ ಇದೆ. ಆಗ "ನಿನಗೆ ಏನು ಗೊತ್ತು?" ಅಂತ ಕೇಳಿದರೆ ಮುಂದಿಡಲು ಈ ಪುಸ್ತಕ ಇರುತ್ತದೆ.

ಇದಕ್ಕೆ ಸರ್ಟಿಫಿಕೇಟ್ ಸಿಗುತ್ತಾ?

ಇಲ್ಲ.

ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡಿ ಸಂಪಾದಿಸಬಹುದಂತೆ, ನಿಜಾನಾ?

ದಯವಿಟ್ಟು ಹುಷಾರು. ನನಗೇ ಆದ ವಿಷಯ ಹೇಳುತ್ತೇನೆ. ಫಸ್ಟ್ ಸೆಮ್ ರಜೆಯಲ್ಲಿ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು. ದಿನಕ್ಕೆ ಇಷ್ಟು ಪುಟ ಟೈಪ್ ಮಾಡಿದರೆ ಇಷ್ಟು ದುಡ್ಡು ಅಂತ. ರಿಜಿಸ್ಟ್ರೇಷನ್‌ಗೆ 1,500 ರೂಪಾಯಿ ಕೇಳಿದರು. ಕಳಿಸಿದೆ. ಹದಿನೈದು ದಿನ ರಾತ್ರಿ ಹಗಲು ಟೈಪ್ ಮಾಡಿದೆ. ಕೊನೆಗೆ "ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್" ಅಂದರು. ಎರಡು ದಿನ ಊಟ ಸೇರಲಿಲ್ಲ. ಅಮ್ಮನಿಗೆ ಹೇಳಿದ ಮೇಲೆ ಸಮಾಧಾನ ಆಯಿತು. ಅದು ಅಮ್ಮ ಹಾಲು ಹಾಕಿ ಕೂಡಿಟ್ಟ ದುಡ್ಡು.

ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ತೆಗೆದುಕೊಳ್ಳಬಾರದು. ರಿಜಿಸ್ಟ್ರೇಷನ್, ಡೆಪಾಸಿಟ್, ಕಿಟ್ ಅಂತ ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ನಾನು ಹೆದರಿ ಸುಮ್ನೆ ಇದ್ದೆ. ಮನೆಯಲ್ಲಿ ಬೈದರೂ ಪರವಾಗಿಲ್ಲ, ಮೊದಲು ಮನೆಯವರಿಗೆ ಹೇಳಿ.

ನರಸಾಪುರದ ಫ್ಯಾಕ್ಟರಿಯಲ್ಲಿ ಎರಡು ತಿಂಗಳು ಕೆಲಸ ಮಾಡಬಹುದಾ?

ಹದಿನೆಂಟು ತುಂಬಿದ್ದರೆ ಮಾಡಬಹುದು. ನರಸಾಪುರ, ವೇಮಗಲ್ ಕಡೆ ಬೈಕ್ ಫ್ಯಾಕ್ಟರಿಯಿಂದ ಮೊಬೈಲ್ ಫ್ಯಾಕ್ಟರಿವರೆಗೆ ಇವೆ, ನನ್ನ ಗೆಳತಿಯೊಬ್ಬಳು ಈ ರಜೆಗೆ ಸೇರಿದ್ದಾಳೆ. ಏಜೆನ್ಸಿ ಮೂಲಕ ಹೋಗುವಾಗ ಸಂಬಳ ಎಷ್ಟು, ಕಡಿತ ಎಷ್ಟು, ರಾತ್ರಿ ಶಿಫ್ಟ್ ಇದೆಯಾ, ವಾಪಸ್ ಬಿಡಲು ಬಸ್ ಇದೆಯಾ ಅಂತ ಮೊದಲೇ ಕೇಳಿ. ಪಿಎಫ್ ಹಿಡಿದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಕೆಲಸಕ್ಕೆ ಹೋದರೂ ಅದೇ ನಂಬರ್. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.

ಯುವನಿಧಿ ದುಡ್ಡು ನಮಗೆ ಬರುತ್ತಾ?

ಈಗ ಬರುವುದಿಲ್ಲ. ಅದು ಡಿಗ್ರಿ ಅಥವಾ ಡಿಪ್ಲೊಮಾ ಪಾಸಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದವರಿಗೆ. ಓದುತ್ತಿರುವವರು ಹಾಕುವಂತಿಲ್ಲ.

ರಜೆಯಲ್ಲಿ ಮುಗಿಸಿಕೊಳ್ಳಬೇಕಾದ ಕಾಗದ ಪತ್ರ ಏನಾದರೂ ಇದೆಯಾ?

ಇದೆ, ಮತ್ತು ಇದನ್ನು ಮುಂದಕ್ಕೆ ಹಾಕಬೇಡಿ. ಕಾಲೇಜು ಶುರುವಾದ ಮೇಲೆ ಒಂದು ಸಹಿಗೆ ಒಂದು ದಿನದ ಕ್ಲಾಸ್ ಹೋಗುತ್ತದೆ.

ಮೊದಲು ಸ್ಕಾಲರ್‌ಶಿಪ್. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಫಸ್ಟ್ ಇಯರ್‌ನಲ್ಲಿ ಹಾಕಿದ್ದೇನೆ, ತಾನಾಗಿಯೇ ಬರುತ್ತದೆ ಅಂತ ಕೂರಬೇಡಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ. ಹೆಸರು ಆಧಾರ್‌ನಲ್ಲಿ ಒಂದು ಥರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ನಿಂತುಹೋಗುತ್ತದೆ. ನಮ್ಮ ಕಡೆ ಇದು ಜಾಸ್ತಿ, ಮನೆಯಲ್ಲಿ ತೆಲುಗು ಹೆಸರು, ಶಾಲೆಯಲ್ಲಿ ಕನ್ನಡದ ಹಾಗೆ ಬರೆದಿರುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದರೆ ಮಾತ್ರ ಸಾಲದು, ದುಡ್ಡು ಬೀಳಲು ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ನಿಮ್ಮ ಆಧಾರ್‌ಗೆ ಬರುವ ಸರ್ಕಾರಿ ದುಡ್ಡು ಯಾವ ಖಾತೆಗೆ ಬೀಳಬೇಕು ಅಂತ ಗುರುತಾಗಿರಬೇಕು. ಬ್ಯಾಂಕಿನಲ್ಲಿ ಈ ಪದ ಬಳಸಿಯೇ ಕೇಳಿ.

ಹದಿನೆಂಟು ತುಂಬಿದವರು ವೋಟರ್ ಲಿಸ್ಟ್‌ಗೆ ಸೇರಲು ಫಾರಂ 6 ಹಾಕಿ. ಹದಿನೆಂಟು ತುಂಬಿದೆಯಾ ಅಂತ ನೋಡಲು ಮೊದಲು ಜನವರಿ 1 ಒಂದೇ ದಿನಾಂಕ ಇತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಇವೆ. ಗಾಡಿ ಓಡಿಸುವವರು ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಲೈಸೆನ್ಸ್ ಇಲ್ಲದೆ ಅಣ್ಣನ ಬೈಕ್ ತೆಗೆದುಕೊಂಡು ಹೈವೇಗೆ ಹೋಗಬೇಡಿ.

ಕಂಪ್ಯೂಟರ್ ಕೋರ್ಸ್ ಸೇರಲ್ವಾ?

ದುಡ್ಡು ಕೊಟ್ಟು ಸೇರುವುದಿಲ್ಲ. ಪುಸ್ತಕದಲ್ಲಿ ಬರೆದದ್ದನ್ನೇ ರಾತ್ರಿ ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ಕೂಡಿಸುವುದು, ಜಾತಿವಾರು ಬೇರೆ ಮಾಡುವುದು, ಚಾರ್ಟ್ ತೆಗೆಯುವುದು ಹೀಗೇ ಕಲಿತೆ. ನಮ್ಮ ಮನೆಯ ಅಂಕಿ ಆದ್ದರಿಂದ ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ. ಸ್ವಯಂ ಪೋರ್ಟಲ್‌ನಲ್ಲಿ ಅಕೌಂಟೆನ್ಸಿ ಪಾಠಗಳನ್ನು ಉಚಿತವಾಗಿ ನೋಡಬಹುದು, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಫೀಸು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಕೇಳಿ ನೋಡಿ. ಹಳೆಯ ಲೈಬ್ರರಿಯೇ ಅದು. ಕೈಕೆಲಸ ಕಲಿಯಬೇಕು ಅನ್ನುವವರಿಗೆ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಇದೆ. ತರಬೇತಿ ಉಚಿತ, ಊಟವೂ ಅಲ್ಲೇ.

ತಿರುಗಾಟ ಏನೂ ಇಲ್ವಾ?

ಇದೆ. ಸೋಮವಾರ ಕೊಯ್ಲು ಇಟ್ಟುಕೊಳ್ಳುವುದಿಲ್ಲ ಅಂತ ಅಪ್ಪ ಹೇಳಿದ್ದಾರೆ, ಅವತ್ತು ನನಗೆ ಬಿಡುವು. ಅಂತರಗಂಗೆಗೆ ಬೆಳಗಿನ ಜಾವ ಹೋಗಬೇಕು. ಬಸವನ ಬಾಯಿಂದ ಬೀಳುವ ನೀರು ಕುಡಿದು, ಬಂಡೆಗಳ ಸಂದಿಯಲ್ಲಿ ಹತ್ತಿ, ಬೆಟ್ಟದ ಮೇಲಿನ ತೇರಹಳ್ಳಿವರೆಗೆ ನಡೆಯಬೇಕು. ಬಿಸಿಲೇರುವ ಮೊದಲು ಇಳಿದು ಕೋಲಾರಮ್ಮನ ಗುಡಿಗೆ. ಅಲ್ಲಿಯ ಚೇಳಮ್ಮ ದೇವಿಗೆ ಹಾಕಲು ಅಜ್ಜಿ ಕಾಣಿಕೆ ಕೊಟ್ಟಿದ್ದಾರೆ.

ಇನ್ನೊಂದು ಸೋಮವಾರ ಕೆಜಿಎಫ್. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ನಾನು ಹುಟ್ಟುವ ಮೊದಲೇ ಮುಚ್ಚಿದ ಗಣಿ. ಅಲ್ಲಿಯ ಗೆಳತಿಯ ತಾತ ಒಳಗೆ ಇಳಿದು ಕೆಲಸ ಮಾಡಿದವರು. ಅವರ ಮಾತು ಕೇಳಲು ಹೋಗುತ್ತೇನೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮುಂದೆ ಫೋಟೋ ತೆಗೆಯಲು ಅಲ್ಲ.

ಹುಡುಗಿಯರಿಗೆ ಬಸ್ ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಗುರುತಿನ ಚೀಟಿ ತೋರಿಸಿದರೆ ಸಾಕು. ರಾಜ್ಯದೊಳಗೆ ಮಾತ್ರ ಅನ್ನುವುದು ನೆನಪಿರಲಿ. ಮದನಪಲ್ಲಿ, ತಿರುಪತಿ ಕಡೆಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆಯಬೇಕು.

ಬಿಸಿಲು ಜಾಸ್ತಿ, ಕೃಷಿ ಹೊಂಡದಲ್ಲಿ ಈಜೋಣ ಬಾ ಅಂತಾರೆ. ಹೋಗಬಹುದಾ?

ಬೇಡ. ಈ ಒಂದು ಪ್ರಶ್ನೆಗಾದರೂ ಉತ್ತರ ಪೂರ್ತಿ ಓದಿ.

ಕೃಷಿ ಹೊಂಡಕ್ಕೆ ನೀರು ಇಂಗದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಬದಿ ಇಳಿಜಾರು. ಒಳಗೆ ಇಳಿದವರಿಗೆ ಕಾಲು ಊರಲು ಜಾಗವಿಲ್ಲ, ಹಿಡಿಯಲು ಏನೂ ಇಲ್ಲ. ಚೆನ್ನಾಗಿ ಈಜು ಬರುವವರೂ ದಡಕ್ಕೆ ಬಂದು ಮತ್ತೆ ಮತ್ತೆ ಜಾರುತ್ತಾರೆ, ಸುಸ್ತಾಗುತ್ತಾರೆ. ಒಬ್ಬರನ್ನು ಎಳೆಯಲು ಹೋದ ಇನ್ನೊಬ್ಬರೂ ಜಾರುತ್ತಾರೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಕಡೆ ಇಂಥ ಸುದ್ದಿ ಬರುತ್ತದೆ, ಅಣ್ಣ ತಮ್ಮ ಇಬ್ಬರೂ ಹೋದರು ಅಂತ. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. ಹಗ್ಗ, ಸೀರೆ, ಉದ್ದನೆಯ ದೋಟಿ, ಏನು ಸಿಕ್ಕಿದರೆ ಅದನ್ನು ದಡದಿಂದ ಚಾಚಿ, ಜನರನ್ನು ಕೂಗಿ. ನಿಮ್ಮ ಮನೆಯಲ್ಲಿ ಹೊಂಡ ಇದ್ದರೆ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಾಲ್ಕು ಕಡೆಯಿಂದಲೂ ಗಂಟು ಹಾಕಿದ ಹಗ್ಗ ಗಟ್ಟಿಯಾಗಿ ಕಟ್ಟಿ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದನ್ನು ತೇಲಿಬಿಡಿ. ಸುತ್ತ ಬೇಲಿ ಹಾಕಿ. ನಾವು ಹೋದ ವಾರ ಮಾಡಿದೆವು, ಅರ್ಧ ದಿನದ ಕೆಲಸ.

ಕೆರೆಗಳ ವಿಷಯವೂ ಬದಲಾಗಿದೆ. ನಮ್ಮಪ್ಪನ ಕಾಲದಲ್ಲಿ ಬೇಸಿಗೆಯಲ್ಲಿ ಕೆರೆ ಅಂಗಳದಲ್ಲಿ ಆಟ ಆಡುತ್ತಿದ್ದರಂತೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿರುವ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಅದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಬಿಟ್ಟದ್ದು. ಅಂತರ್ಜಲಕ್ಕೆ ಅಂತ ಬಿಟ್ಟ ನೀರು, ಈಜಲು ಅಲ್ಲ.

ಬ್ಯಾಕ್, ಅಂದರೆ ಪಾಸಾಗದ ಪೇಪರ್ ಉಳಿದಿದ್ದರೆ?

ಮೊದಲು ಅದು. ದಿನಕ್ಕೆ ಎರಡು ಗಂಟೆ, ಬೆಳಗ್ಗೆಯೇ. ಹಳೆಯ ಪ್ರಶ್ನೆ ಪತ್ರಿಕೆ ಸೀನಿಯರ್‌ಗಳ ಹತ್ತಿರ ಸಿಗುತ್ತವೆ. ನನ್ನ ಹತ್ತಿರ ಕಾಮರ್ಸ್‌ನವು ಇವೆ, ಕೇಳಿದರೆ ಕೊಡುತ್ತೇನೆ.

ಕಾಯಿ ಕೀಳೋಕೆ ನಾವೂ ಬರ್ತೀವಿ. ಏನು ಗೊತ್ತಿರಬೇಕು?

ಬನ್ನಿ, ಸಂತೋಷ. ಬೆಳಗ್ಗೆ ಆರು ಗಂಟೆಗೆ ಇಲ್ಲಿರಬೇಕು. ತುಂಬು ತೋಳಿನ ಹಳೆಯ ಬಟ್ಟೆ ಹಾಕಿಕೊಳ್ಳಿ, ಮರದಲ್ಲಿ ಕೆಂಜಿಗದ ಗೂಡು ಇರುತ್ತವೆ. ಕಾಯಿಯನ್ನು ಎಳೆದು ಕೀಳಬಾರದು, ಉದುರಿಸಬಾರದು. ಬಲೆ ಕಟ್ಟಿದ ದೋಟಿಯಲ್ಲಿ ತೊಟ್ಟು ಸಮೇತ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಸೊನೆ ಬಿದ್ದ ಕಡೆ ಕಾಯಿಗೆ ಕಪ್ಪು ಕಲೆ, ಮೈಗೆ ಬಿದ್ದರೆ ಸುಟ್ಟ ಹಾಗೆ ಗಾಯ. ಬಿದ್ದ ತಕ್ಷಣ ಸೋಪು ಹಾಕಿ ತೊಳೆಯಿರಿ, ಕಣ್ಣು ಮುಟ್ಟಿಕೊಳ್ಳಬೇಡಿ. ನೆಲಕ್ಕೆ ಬಿದ್ದ ಕಾಯಿಯನ್ನು ಒಳ್ಳೆಯದರ ಜೊತೆ ಸೇರಿಸಬಾರದು. ನೋಡಲು ಚೆನ್ನಾಗಿಯೇ ಇರುತ್ತದೆ, ನಾಲ್ಕು ದಿನಕ್ಕೆ ಒಳಗೆ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ.

ಎಷ್ಟು ಗಂಟೆ ಕೆಲಸ ಮಾಡಿದಿರಿ ಅಂತ ನಿಮ್ಮ ಹೆಸರೂ ಪುಸ್ತಕಕ್ಕೆ ಬರುತ್ತದೆ. ಗೆಳೆಯರು ಅಂತ ಬಿಡುವುದಿಲ್ಲ.

ನಮಗೆ ಹಣ್ಣು ಯಾವಾಗ ಕೊಡ್ತೀಯಾ?

ಬದಾಮಿ ಮೊದಲು, ಆಮೇಲೆ ರಸಪುರಿ, ಮಲ್ಲಿಕಾ ಕೊನೆಗೆ. ಹಣ್ಣಲ್ಲ, ಬಲಿತ ಕಾಯಿ ಕೊಡುತ್ತೇನೆ. ಕಾರ್ಬೈಡ್ ಹಾಕುವುದಿಲ್ಲ, ಅದಕ್ಕೆ ನಿಷೇಧವೇ ಇದೆ. ಮನೆಯಲ್ಲಿ ಒಣ ಹುಲ್ಲಿನ ಮೇಲೆ ಒಂದರ ಮೇಲೆ ಒಂದು ಬೀಳದ ಹಾಗೆ ಜೋಡಿಸಿ, ಮೇಲೆ ಗೋಣಿ ಮುಚ್ಚಿ. ಹುಲ್ಲು ಇಲ್ಲದಿದ್ದರೆ ನ್ಯೂಸ್ ಪೇಪರ್ ಆದೀತು. ದಿನಾ ಒಂದು ಸಲ ತೆಗೆದು ನೋಡಿ, ಮೆತ್ತಗಾದದ್ದನ್ನು ಆಚೆ ಇಡಿ. ಒಂದು ವಾರದಲ್ಲಿ ಮನೆಯೆಲ್ಲ ವಾಸನೆ ಬರುತ್ತದೆ, ಆಗ ತಿನ್ನಿ.

ಉಪ್ಪಿನಕಾಯಿಗೆ ಬೇಕಾದವರು ಬೇಗ ಹೇಳಿ. ಬಾವಿ ಪಕ್ಕದ ನಾಟಿ ಮರದ ಕಾಯಿ ಅದಕ್ಕೆ ಸರಿ, ಅಜ್ಜಿ ಅದರಲ್ಲೇ ಆವಕಾಯಿ ಹಾಕುವುದು. ಆ ಒಂದು ಮರದ ಕಾಯಿ ಮಾರುವುದಿಲ್ಲ, ಕೊಡುವುದು ಮಾತ್ರ. ಪುಸ್ತಕದಲ್ಲಿ ಅದಕ್ಕೆ ಬೇರೆ ಪುಟ ಇಟ್ಟಿದ್ದೇನೆ, ಯಾರ ಮನೆಗೆ ಎಷ್ಟು ಹೋಯಿತು ಅಂತ. ಬರುವಾಗ ಚೀಲ ನೀವೇ ತನ್ನಿ.